ಸುಮ್ಮನೆ ಓಡಾಡುವ ಭಾವ

ತಂತಿ, ಕಂಬಗಳೆಲ್ಲ ಹೋಗಿ, ಮನೆಗೆ ಬೇಕಾದ ಕರೆಂಟು ಮನೆಯವರ ಮೈಯ ದುಡಿಮೆ, ಓಡಾಟಗಳಿಂದಲೇ ಹುಟ್ಟುವ ಕಾಲವದು. ಮಗಳ ನಿಶ್ಚಿತಾರ್ಥದ ಬೆಳಗ್ಗೆ ಲಲಿತಾಂಬ ಗ್ರೈಂಡರಿಗೆ ಹೂರಣ ಹಾಕಿದ್ದರು. ಗಂಡಿನ ಕಡೆಯವರು ಇನ್ನೇನು ಬಂದುಬಿಡುತ್ತಾರೆ. ಆದರೆ ಗಂಡನ ಅಣ್ಣ ವೆಂಕಟಾಚಲಯ್ಯ ಇಲ್ಲಿದ್ದ ಕಡ್ಡಿ ಎತ್ತಿ ಅಲ್ಲಿಟ್ಟವರಲ್ಲ. "ಆಯ್ತಾ? ಎಲ್ಲಾ ಆಯ್ತಾ?" ಎನ್ನುತ್ತ ಅಡುಗೆಮನೆಗೂ ಪಡಸಾಲೆಗೂ ಓಡಾಡುವುದೇ ಅವರ ಉದ್ಯೋಗ.

"ಕಾಲಿಗೆ ಸಿಕ್ತೀರ ಭಾವ. ಒಂದು ಕಡೆ ಕೂತ್ಕೊಳ್ಳಿ ನೋಡೋಣ!" ಎಂದು ಲಲಿತಾಂಬ ರೇಗಿದರು.

ಅವರು ಮುಖ ಸಪ್ಪೆ ಮಾಡಿಕೊಂಡು ಕುರ್ಚಿಯಲ್ಲಿ ಕೂತದ್ದೇ ತಡ, ದೀಪಗಳು ಮಂಕಾದವು. ಗ್ರೈಂಡರು ಗೊಣಗಿ ಗೊಣಗಿ ನಿಂತೇಬಿಟ್ಟಿತು. ಉಳಿದವರೆಲ್ಲ ಬೆವರು ಸುರಿಸಿ ದುಡಿದರೂ ಅದು ಅಲುಗಲಿಲ್ಲ.

ಕರೆಂಟ್ ಆಫೀಸಿಗೆ ಫೋನ್ ಮಾಡಿದರೆ ಆ ಕಡೆಯ ಹುಡುಗಿ, "ರಿಯಾಕ್ಟಿವ್ ಪವರ್ ಇಲ್ದೆ ವೋಲ್ಟೇಜ್ ಬಿದ್ದೋಗಿದೆ ಮೇಡಂ. ಅದು ಯಾವ ಕೆಲಸಾನೂ ಮಾಡದೆ ಬರೀ ಹೋಗಿ ಬಂದು ಮಾಡೋ ಕರೆಂಟು, ಆದ್ರೆ ವೋಲ್ಟೇಜ್ ಎತ್ತಿ ಹಿಡಿಯೋದೇ ಅದು. ನಿಮ್ಮನೇಲಿ ಸುಮ್ಸುಮ್ನೆ ಒಳಗೂ ಹೊರಗೂ ಓಡಾಡೋರು ಯಾರೂ ಇಲ್ವಾ?" ಎಂದಳು.

ಲಲಿತಾಂಬ ಪಡಸಾಲೆಗೆ ಓಡಿದರು. "ತಪ್ಪಾಯ್ತು ಭಾವ, ಏಳಿ! ನೀವಿಲ್ದೆ ಏನೂ ನಡೀತಿಲ್ಲ."

ವೆಂಕಟಾಚಲಯ್ಯ ಉಬ್ಬಿಹೋದರು. ಎದ್ದು ಅಂಗಿಯ ತೋಳು ಮೇಲೇರಿಸುತ್ತ, "ಹಾಗಾದ್ರೆ ನಾನೂ ನಾಲ್ಕು ಹೋಳಿಗೆ ತಟ್ಟಿಕೊಡ್ತೀನಮ್ಮ" ಎಂದರು.

"ದಮ್ಮಯ್ಯ, ಕೆಲಸ ಒಂದು ಮಾತ್ರ ಮಾಡ್ಬೇಡಿ ಭಾವ!"