ಝೆಲ್ಯೊನ ಪಕ್ಕದ ಗರಗಸ

"ಅತ್ತಿಗೆ, ಅಣ್ಣನ ಫೋಟೋ ಪಕ್ಕ ಗರಗಸ ಇಟ್ಟೋರು ಯಾರು?" ಸ್ಪೇನಿನಿಂದ ಮೈದುನ ಫೋನಿನಲ್ಲಿ ಅರಚಿದ. ರುಸ್ಕಾ ಸತ್ತವರ ಹೆಸರಲ್ಲಿ ಹಂಚುವ ಪ್ರಸಾದದ ಗೋಧಿ ಬೇಯುತ್ತಿದ್ದ ಒಲೆ ಆರಿಸಿ, ಉಟ್ಟ ಬಟ್ಟೆಯಲ್ಲೇ ಒಗ್ನ್ಯಾನನ ಮನೆಗೆ ಧಾವಿಸಿದಳು.

ಗಂಡ ಝೆಲ್ಯೊ ಸತ್ತು ಅಂದಿಗೆ ಆರು ತಿಂಗಳು. ಬಲ್ಗೇರಿಯಾದ ಆ ಗುಡ್ಡದೂರಿನ ಅರ್ಧ ಜನ ದುಡಿಯಲು ಸ್ಪೇನ್ ಸೇರಿದ್ದರು. ಮಣ್ಣಿಗೂ ಬರಲಾಗದ ಮೈದುನಂದಿರು ಓದಲಿ ಎಂದು ಅವಳು ಗಂಡನ ನೆನಪಿನ ಬರಹವೊಂದನ್ನು ಕೂತು ಬರೆದು, ಒಗ್ನ್ಯಾನ್ ಹೊಸದಾಗಿ ಶುರುಮಾಡಿದ್ದ ಊರಿನ ವೆಬ್‌ಸೈಟಿಗೆ ಕೊಟ್ಟಿದ್ದಳು.

ಪರದೆಯ ಮೇಲೆ ಕಪ್ಪು ಚೌಕಟ್ಟಿನಲ್ಲಿ ಝೆಲ್ಯೊ. ಅವನ ಭುಜಕ್ಕೆ ತಾಗಿದಂತೆ ಕಿತ್ತಳೆ ಬಣ್ಣದ ಗರಗಸ: 'ಎಂಥ ಮರವಾದರೂ ಕ್ಷಣದಲ್ಲಿ ನೆಲಕ್ಕೆ!' ಝೆಲ್ಯೊ ಸತ್ತದ್ದು ತಾನೇ ಕೊಯ್ದ ಮರ ಮೈಮೇಲೆ ಬಿದ್ದು.

"ನಾನು ಹಾಕಿದ್ದಲ್ಲ ರುಸ್ಕಕ್ಕ, ಯಂತ್ರ ಹಾಕಿದ್ದು. ನೀನು ಗರಗಸ, ಮರ, ಕಾಡು ಅಂತೆಲ್ಲ ಬರೆದಿದ್ದೀಯಲ್ಲ, ಅವಕ್ಕೆ ಕೀವರ್ಡ್ ಅಂತಾರೆ. ಅವನ್ನ ಓದಿ, ತಕ್ಕ ಜಾಹೀರಾತು ತಾನೇ ತಂದು ಅಂಟಿಸುತ್ತೆ." ಪಟ್ಟಣದಲ್ಲಿ ತರಬೇತಿ ಮುಗಿಸಿ ಬಂದಮೇಲೆ ಒಗ್ನ್ಯಾನನಿಗೆ ಇಂಥ ಮಾತೆಂದರೆ ಬಾಯಿ ತುಂಬ ಸಕ್ಕರೆ.

"ಕಿತ್ತು ಬಿಸಾಕು ಅದನ್ನ!"

"ಜಾಹೀರಾತು ತೆಗೆದ್ರೆ ಸೈಟ್ ನಡೆಯೋದು ಹೇಗಕ್ಕ? ಸರ್ವರಿನ ಬಾಡಿಗೆ ಯಾರು ಕಟ್ತಾರೆ? ಪದ ಬದಲಾಯಿಸಿದ್ರೆ ಆಯ್ತು. 'ಅಪಘಾತ' ಅಂತ ಹಾಕೋಣ."

ರುಸ್ಕಾಳ ಮೈ ಉರಿದುಹೋಯಿತು. "ನನ್ನ ಗಂಡ ಹೇಗೆ ಸತ್ತ ಅಂತ ನಿನ್ನ ಯಂತ್ರದ ಅನುಕೂಲ ನೋಡ್ಕೊಂಡು ಬರೀಬೇಕೇನೋ?"

ಅವನ ಬೆರಳು ಆಗಲೇ ಅಳಿಸತೊಡಗಿತ್ತು. ಗರಗಸ ಹೋಯಿತು, ಮರ ಹೋಯಿತು, ಝೆಲ್ಯೊ ಜೀವಮಾನವೆಲ್ಲ ದುಡಿದ ಕಾಡೂ ಹೋಯಿತು. ಉಳಿದದ್ದು ಒಂದೇ ಸಾಲು: ಅಪಘಾತದಲ್ಲಿ ತೀರಿಕೊಂಡು ಹೆಂಡತಿಯನ್ನು ಒಂಟಿ ಮಾಡಿದ.

"ಈಗ ನೋಡು," ಎಂದು ಪುಟವನ್ನು ಮತ್ತೆ ತೆರೆದ.

ಗರಗಸ ಇರಲಿಲ್ಲ. ಅದರ ಜಾಗದಲ್ಲಿ ಮೀಸೆಯ ಗಂಡಸೊಬ್ಬ ಹಲ್ಲು ಕಿರಿಯುತ್ತಿದ್ದ: 'ಒಂಟಿಯಾಗಿದ್ದೀರಾ? ಹೊಸ ಸಂಗಾತಿ ನಿಮ್ಮೂರಲ್ಲೇ ಇದ್ದಾನೆ. ಇಲ್ಲಿ ಒತ್ತಿ.'

ಒಗ್ನ್ಯಾನ್ ತಡವರಿಸಿದ. "ಅದು... ಯಂತ್ರ ಅಲ್ವಾ ಅಕ್ಕ, ಅದಕ್ಕೇನು ಗೊತ್ತಾಗುತ್ತೆ?"

"ಅದಕ್ಕೆ ಗೊತ್ತಾಗಲ್ಲ, ಬಿಡು," ಎಂದಳು ರುಸ್ಕಾ. "ಝೆಲ್ಯೊನ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು ನೀನು. ನಿನಗೆ?"