ಹತ್ತನೆಯ ಬಂಡೆ

ಹೆದ್ದಾರಿ ಬದಿಯ ಬಂಡೆ ಕಂಡಲ್ಲೆಲ್ಲ ಬೈಕ್ ನಿಲ್ಲಿಸಿ ನಿಲ್ಲಿಸಿ ತಾರಿಣಿಗೆ ಐದೇ ದಿನಕ್ಕೆ ಸಾಕಾಗಿಹೋಗಿತ್ತು. ಹಗ್ಗ ಕಟ್ಟಿ ಬಂಡೆ ಹತ್ತುವ ಗೆಳೆಯರಿಗಾಗಿ ಅವಳು ಹೊಸ ಜಾಗ ಹುಡುಕುತ್ತಿದ್ದಳು. ಒಂಬತ್ತು ಕಡೆ ಊರಿನವರು ಮಾತು ಮುಗಿಯುವ ಮೊದಲೇ ಅವಳನ್ನು ಸಾಗಹಾಕಿದ್ದರು. ಹತ್ತನೆಯದು ನೆಟ್ಟಗೆ ನಿಂತಿತ್ತು. ಬುಡದಿಂದ ನೆತ್ತಿಯವರೆಗೂ ಬೆರಳು ತೂರಿಸಿ ಹತ್ತುವಂಥ ಬಿರುಕು. ಹತ್ತಿರ ಹೋಗಿ ಮುಟ್ಟುವಷ್ಟರಲ್ಲಿ ಕುರಿ ಕಾಯುತ್ತಿದ್ದ ಮುದುಕನೊಬ್ಬ ಅಡ್ಡ ಬಂದ.

“ಯಾರನ್ನ ಕೇಳಿ ಬಂದೆ ತಾಯಿ?”

“ಸುಮ್ನೆ ನೋಡೋಕೆ ಬಂದೆ, ಅಜ್ಜ.”

“ಅವ್ರೂ ಮೊದ್ಲು ನೋಡಾಕೇ ಬಂದಿದ್ರು.”

ಆತ ರಸ್ತೆಯಾಚೆ ಕೈ ತೋರಿದ. ಒಂದು ಕಾಲಕ್ಕೆ ಗುಡ್ಡವಿದ್ದ ಜಾಗದಲ್ಲಿ ಈಗ ಪಾಚಿ ನೀರು ನಿಂತ ಕಲ್ಲು ಕ್ವಾರಿಯ ಗುಂಡಿಯಿತ್ತು.

ವಾದಿಸಲು ತಾರಿಣಿಗೆ ತ್ರಾಣವಿರಲಿಲ್ಲ. ಬೈಕಿನತ್ತ ತಿರುಗಿದಳು.

“ನಿಂಗೇನ್ ಬೇಕಾಗಿತ್ತು?” ಮುದುಕ ಹಿಂದಿನಿಂದ ಕೇಳಿದ.

“ಹತ್ತಬೇಕಾಗಿತ್ತು.”

“ಹತ್ತಿ?”

“ಇಳೀತೀನಿ.”

“ಇಳಿದು?”

“ಮನೆಗೆ ಹೋಗ್ತೀನಿ, ಅಜ್ಜ.”



“ಬಂಡೆ ಇಲ್ಲೇ ಬಿಟ್ಟು ಹೋಗೋದಾದ್ರೆ ಹತ್ತು ತಾಯಿ,” ಎಂದು ಕುರಿಗಳನ್ನು ಪಕ್ಕಕ್ಕೆ ಹೊಡೆದ.