ಹನಿ ಬರೆದುಕೊಟ್ಟವರು

ಸೀಸೆಯ ಲೇಬಲನ್ನು ಉಗುರಿನಿಂದ ಕೆರೆದು ತೆಗೆದಂತಿತ್ತು. ಕಣ್ಣಿನ ಡಾಕ್ಟರಮ್ಮ ಅದನ್ನು ದೀಪಕ್ಕೆ ಹಿಡಿದು ನೋಡಿ ಮೇಜಿನ ಮೇಲೆ ಕುಕ್ಕಿದಳು.

"ಇದರಲ್ಲಿ ಏನಿದೆ ಯಜಮಾನ್ರೇ?"

"ಹನಿ," ಎಂದರು ಯಜಮಾನರು.

ಮೂಲೆಯ ಸ್ಟೂಲಿನಲ್ಲಿ ಕುಳಿತಿದ್ದ ಅವರ ಹೆಂಡತಿ ಕೈಚೀಲವನ್ನು ಬಿಗಿಹಿಡಿದಳು. ಡಾಕ್ಟರ ಎದುರು ಬಾಯಿ ಹಾಕಬಾರದೆಂಬುದು ಅವಳ ಮೂವತ್ತೆಂಟು ವರ್ಷದ ಪಾಠ.

"ನೋಡಿ, ಹೂಕುಂಡ ಕೆದಕುವಾಗ ಕಣ್ಣಿಗೆ ಮಣ್ಣು ಬಿತ್ತು ಅಂದ್ರಲ್ಲ, ಇದು ಆ ಮಣ್ಣಿನ ಬ್ಯಾಕ್ಟೀರಿಯಾ. ನೊಕಾರ್ಡಿಯಾ ಅಂತ, ಅಪರೂಪದ್ದು. ಕಣ್ಣಿನ ಹುಣ್ಣಿನಿಂದ ಕೆರೆದು ತೆಗೆದದ್ದರಲ್ಲಿ, ಮೈಕ್ರೋಸ್ಕೋಪಿನಡಿ, ಎಳೆ ಎಳೆಯಾಗಿ ಕಾಣ್ತು. ಗಂಟೆಗೊಂದು ಸಲ ಸರಿಯಾದ ಹನಿ ಹಾಕಿದ್ರೆ ಮಾತು ಕೇಳುತ್ತೆ. ಆದ್ರೆ ನೀವು ಇಪ್ಪತ್ತು ದಿನ ಹಾಕಿರೋದು ಸ್ಟೀರಾಯ್ಡ್ ಆಗಿದ್ರೆ, ಕಣ್ಣಿನ ಪದರ ಯಾವಾಗ ಬೇಕಾದ್ರೂ ತೂತು ಬೀಳಬಹುದು. ಇವತ್ತೇ ಅಡ್ಮಿಟ್ ಆಗ್ಬೇಕು. ಸ್ಟೀರಾಯ್ಡ್ ಅಲ್ಲದಿದ್ರೆ ಹೊಸ ಹನಿ ತಗೊಂಡು ಮನೆಗೆ ಹೋಗಬಹುದು. ಯಾವುದು, ಹೇಳಿ."

"ನಮ್ಮ ಡಾಕ್ಟರು ವೈರಸ್ ಅಂದ್ರು. ಕೆಂಪು ಇಳಿಯೋಕೆ ಏನೋ ಕೊಟ್ರು. ಎರಡು ದಿನ ಚೆನ್ನಾಗೇ ಇತ್ತು."

"ಇರುತ್ತೆ. ಕಾವಲುಗಾರನನ್ನ ಮಲಗಿಸಿದ್ರೆ ಮನೆ ಶಾಂತವಾಗೇ ಇರುತ್ತೆ. ಕಳ್ಳನಿಗೂ ಅದೇ ಬೇಕು."

ಹೆಂಡತಿಗೆ ನಗು ತಡೆಯುವುದು ಕಷ್ಟವಾಯಿತು. ಆ ಡಾಕ್ಟರ ಮೇಲೆ ಅವಳಿಗೂ ಹಳೆಯ ಸಿಟ್ಟಿತ್ತು. ಅವಳ ಮೊದಲ ಹೆರಿಗೆ ನೋವನ್ನು ಗ್ಯಾಸ್ ಎಂದ ಪುಣ್ಯಾತ್ಮ ಅವರೇ. ಮಗಳು ಹುಟ್ಟಿದ್ದು ಟ್ಯಾಕ್ಸಿಯಲ್ಲಿ. ಆಮೇಲೂ ಅಷ್ಟೇ. ಮಂಡಿನೋವಿಗೆ ವಯಸ್ಸು, ತಲೆನೋವಿಗೆ ಯೋಚನೆ, ಮಿಕ್ಕಿದ್ದಕ್ಕೆಲ್ಲ ಗ್ಯಾಸ್. ಬೇರೆಯವರಿಗೆ ತೋರಿಸೋಣವೆಂದರೆ ಗಂಡ ವಾರಗಟ್ಟಲೆ ಮುಖ ಊದಿಸಿಕೊಳ್ಳುತ್ತಿದ್ದರು. ಈ ಸಲವೂ ಮೂರನೇ ದಿನವೇ ಕೇಳಿದ್ದಳು. 'ನಿನಗೇನು ಗೊತ್ತು?' ಎಂಬ ಉತ್ತರ ಬಂದಿತ್ತು.

"ಅವರು ಕಣ್ಣಿನ ಡಾಕ್ಟರಾ?"

"ಎಲ್ಲದಕ್ಕೂ ನೋಡ್ತಾರೆ."

"ಅಂದ್ರೆ ಯಾವುದಕ್ಕೂ ಅಲ್ಲ."

ಯಜಮಾನರ ಬೆನ್ನು ನೆಟ್ಟಗಾಯಿತು. "ಅನುಭವಸ್ಥರಮ್ಮಾ. ಸಾವಿರಾರು ಜನರನ್ನ ನೋಡಿದ್ದಾರೆ."

"ಆ ಸಾವಿರಾರು ಜನಕ್ಕೆ ಅವರು ಈಗಲೂ ಕಾಣಿಸ್ತಾರಾ? ಹೆಸರು ಹೇಳಿ, ಫೋನ್ ಮಾಡಿ ನಾನೇ ಕೇಳ್ತೀನಿ."

"ಹೆಸರು ಬೇಡ. ಮರ್ಯಾದಸ್ಥರು."

"ನಿಮ್ಮ ಕಣ್ಣಿಗಿಂತ ಅವರ ಮರ್ಯಾದೆ ದೊಡ್ಡದಾ?"

ಯಜಮಾನರು ಗೋಡೆಯತ್ತ ನೋಡಿದರು. ಕೆಂಡದಂಥ ಕಣ್ಣಿನಿಂದ ನೀರು ಗಲ್ಲಕ್ಕಿಳಿಯಿತು. ಒರೆಸಿಕೊಳ್ಳಲಿಲ್ಲ.

ಹೆಂಡತಿ ಆ ಕಣ್ಣನ್ನೇ ನೋಡಿದಳು. ಅದು ಹೋದರೆ ಉಳಿಯುವುದು ಪೊರೆ ಬಂದ ಇನ್ನೊಂದು. ಆಮೇಲೆ ಪೇಪರು ಓದಿ ಹೇಳುವುದು, ಕೈಹಿಡಿದು ನಡೆಸುವುದು, ಸರಿಯಾಗಿ ನಡೆಸಲಿಲ್ಲವೆಂದು ಬೈಸಿಕೊಳ್ಳುವುದು, ಎಲ್ಲ ತನ್ನ ಪಾಲಿಗೆ. ಎದ್ದು ನಿಂತಳು.

"ಸ್ಟೀರಾಯ್ಡೇ ತಾಯಿ. ದಿನಕ್ಕೆ ಆರು ಸಲ. ನನ್ನ ಕೈಯಿಂದಲೇ ಹಾಕಿಸ್ಕೊಂಡ್ರು."

"ನೀನು ಸುಮ್ನಿರು," ಎಂದರು ಗಂಡ. ಅವಳು ಕೇಳಿಸಿಕೊಳ್ಳಲಿಲ್ಲ.

ಡಾಕ್ಟರಮ್ಮ ಸೀಸೆಯನ್ನು ಕಸದ ಡಬ್ಬಿಗೆಸೆದು, ರೋಗಿಯ ಚೀಟಿಯಲ್ಲಿ ಅಡ್ಮಿಟ್ ಎಂದು ಗೀಚಿ, ಪೆನ್ನೆತ್ತಿದಳು. "ಒಳ್ಳೇ ಕೆಲಸ ಮಾಡಿದ್ರಿ. ಈಗ ಆ ಡಾಕ್ಟರ ಹೆಸರೂ ಹೇಳಿಬಿಡಿ, ಇದರಲ್ಲೇ ಬರ್ಕೋತೀನಿ."

"ಹೊಸದಾಗಿ ಬರೆಯೋದೇನಿಲ್ಲ ತಾಯಿ. ಮೇಲೆ, ರೋಗಿಯ ಹೆಸರು ಅಂತ ಇದೆಯಲ್ಲ, ಅಲ್ಲಿ ಆಗಲೇ ಬರೆದಿದ್ದೀರಿ."